ಹುಣ್ಣಿಲ್ಲದ ಬೆನ್ನು

ನನ್ನ ಅತ್ತಿಗೆಯ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ. ಬೇರೆ ಯಾರೂ ಮಾತಾಡುವುದಿಲ್ಲವಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಅವಳು ಹಾಸಿಗೆ ಅಂಗಡಿಯಲ್ಲಿ ಹೊಲಿಗೆಯವಳು. ಗೇಣುದ್ದದ ಸೂಜಿ ಹಿಡಿದು ಹಿಡಿದು ಬೆರಳು ಜಡ್ಡುಗಟ್ಟಿದ್ದವು. ಮದುವೆಯಾಗಿ ಬಂದ ತಿಂಗಳೇ ಅಮ್ಮ ಅವಳಿಗೆ ಬಚ್ಚಲ ಪಕ್ಕದ ಕೋಣೆ ತೋರಿಸಿದಳು. ಮುರಿದ ಕುರ್ಚಿಗಳು, ಒಂದು ಚಾಪೆ, ನೆಗ್ಗಿದ ತಟ್ಟೆ. ತಿಂಗಳಿಗೆ ಮೂರು ದಿನ ಅಲ್ಲೇ. ಮನೆಯಲ್ಲಿ ಏನನ್ನೂ, ಯಾರನ್ನೂ ಮುಟ್ಟುವಂತಿಲ್ಲ. ಆ ಮೂರು ದಿನ ಅವಳು ಅಂಗಡಿಯಲ್ಲಿ ಹೊಲಿದ ಹಾಸಿಗೆಯ ಮೇಲೆ ಊರೆಲ್ಲ ಮಲಗುತ್ತಿತ್ತು, ಅದಕ್ಕೆ ಮೈಲಿಗೆ ಇರಲಿಲ್ಲ. ನಾನೂ ಅದೇ ಚಾಪೆಯ ಮೇಲೆ ಬೆಳೆದವಳು. ಗಂಡನ ಮನೆಗೆ ಹೋಗುವಾಗ ಆ ಕೋಣೆಯನ್ನು ತಲೆಯಲ್ಲಿ ಹೊತ್ತುಕೊಂಡೇ ಹೋದೆ.

ಅಮ್ಮನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದಾಗ ಅತ್ತಿಗೆ ಅಂಗಡಿ ಬಿಟ್ಟಳು. ಅಣ್ಣ ಬಸ್ ಕಂಡಕ್ಟರ್. ದಿನವಿಡೀ ಊರಿನ ಬೆವರು ಸಹಿಸುವವನು ಹೆತ್ತವಳ ಕೋಣೆಗೆ ಮಾತ್ರ ಮೂಗು ಮುಚ್ಚಿಕೊಂಡು ಬರುತ್ತಿದ್ದ. ನಾನು ವರ್ಷಕ್ಕೆರಡು ಸಲ ಹಣ್ಣು ಹಿಡಿದು ಹೋಗಿ, ಕಾಲ ಬಳಿ ಕೂತು ಅತ್ತು, ಸಂಜೆಯ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಹೋದಾಗ ಅತ್ತಿಗೆ ಬಚ್ಚಲ ಪಕ್ಕದ ಕೋಣೆಯಲ್ಲಿದ್ದಳು. ನೆಗ್ಗಿದ ತಟ್ಟೆಗೆ ನಾನೇ ಮೇಲಿನಿಂದ ಬಡಿಸಿದೆ. ಅಮ್ಮ ಹಾಸಿಗೆ ಹಿಡಿದರೂ ಮನೆಯ ಆಚಾರ ಕೆಟ್ಟಿಲ್ಲ ಎಂದು ಹೆಮ್ಮೆಯೂ ಆಯಿತು. ಅಮ್ಮನ ಬಟ್ಟೆ ಬದಲಿಸಿದವರು ಯಾರೆಂದು ಕೇಳಲಿಲ್ಲ.

ನಾಲ್ಕು ವರ್ಷಕ್ಕೆ ಅಮ್ಮ ಹೋದಳು. ಅತ್ತಿಗೆಗೆ ಅವತ್ತು ಎರಡನೆಯ ದಿನ. ಹಿತ್ತಿಲ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು.

"ಮೈ ನಾನು ತೊಳೀತೀನಿ. ಬೇರೆಯವರ ಕೈಗೆ ಕೊಡಬೇಡ ಅಂತ ಅತ್ತೆ ಅಂದಿದ್ರು."

"ಇವತ್ತೊಂದು ದಿನ ಆದ್ರೂ ದೂರ ಇರು, ಅತ್ತಿಗೆ," ಅಂದೆ. ಅವಳು ಹಿತ್ತಿಲ ನಲ್ಲಿಯ ಹತ್ತಿರ ಹೋಗಿ ನಿಂತಳು.

ನಾನು, ದೊಡ್ಡಮ್ಮ, ಪಕ್ಕದ ಮನೆಯ ನರ್ಸಮ್ಮ ಸೇರಿ ತೊಳೆಯಲು ಕೂತೆವು. ಎಡಗೈ ಎತ್ತಲು ಬರದೆ ಎಳೆದಾಡಿದೆವು.

"ಆ ಭುಜ ಮೆಲ್ಲಗೆ," ಎಂದಳು ಅತ್ತಿಗೆ ಹೊರಗಿನಿಂದ. "ನೋವಾಗುತ್ತೆ ಅವರಿಗೆ."

ಸತ್ತವರಿಗೆ ಎಂಥ ನೋವು ಎಂದು ದೊಡ್ಡಮ್ಮ ಗೊಣಗಿದಳು. ಮಗ್ಗುಲು ಹೊರಳಿಸಿದಾಗ ಬೆನ್ನಿನಲ್ಲಿ ಒಂದು ಹುಣ್ಣಿಲ್ಲ, ಕೆಂಪು ಗುರುತು ಕೂಡ ಇಲ್ಲ. ಪುಣ್ಯವಂತೆ ಎಂದಳು ದೊಡ್ಡಮ್ಮ. ನರ್ಸಮ್ಮ ಅಡ್ಡಡ್ಡ ತಲೆಯಾಡಿಸಿದಳು.

"ಪುಣ್ಯ ಅಲ್ಲ. ಎರಡು ದಿನ ಹೊರಳಿಸದೆ ಬಿಟ್ರೆ ಚರ್ಮ ಕಿತ್ತು ಬರುತ್ತೆ. ಇವರನ್ನ ಒಂದು ದಿನಾನೂ ಬಿಟ್ಟಿಲ್ಲ."

ತಿಂಗಳಿಗೆ ಮೂರು ದಿನ, ನಾಲ್ಕು ವರ್ಷ. ಅಣ್ಣ ಅಂತೂ ಕಡ್ಡಿ ಎತ್ತಿ ಆಚೆ ಇಟ್ಟವನಲ್ಲ. ಹೇಳುವುದು ಆಚಾರ, ಮಾಡುವುದು ಅನಾಚಾರ: ನಮ್ಮಮ್ಮ ಬಾಗಿಲು ಮುಚ್ಚಿಸಿ ಅವಳನ್ನೇ ಕರೆಸಿಕೊಂಡಿದ್ದಾಳೆ, ಕೆಲಸ ಮುಗಿದ ಮೇಲೆ ಅದೇ ತಟ್ಟೆಗೆ ಕಳಿಸಿದ್ದಾಳೆ. ಹೇಲು ಬಾಚುವ ಕೈಗೆ ಇಲ್ಲದ ಮೈಲಿಗೆ ನೀರಿನ ಕೊಡ ಮುಟ್ಟುವಾಗ ಬರುತ್ತಿತ್ತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅವಳನ್ನು ಒಳಗೆ ಕರೆಯಲು ಹಿತ್ತಿಲ ಬಾಗಿಲಿಗೆ ಎರಡೇ ಹೆಜ್ಜೆ. ದೊಡ್ಡಮ್ಮ ಏನಂದುಕೊಂಡಾಳೋ ಎಂದು ಏಳಲಿಲ್ಲ.

ಹದಿಮೂರು ದಿನ ಕಳೆದ ಮೇಲೆ, ಅವಳು ಮತ್ತೆ ಅಂಗಡಿಗೆ ಹೊರಡುವ ಹಿಂದಿನ ದಿನ, ಕೇಳಿಯೇಬಿಟ್ಟೆ: ಆ ದಿನಗಳಲ್ಲೂ ನೀನೇ ಹೊರಳಿಸುತ್ತಿದ್ದೆಯಾ ಎಂದು. ಅವಳು ದಪ್ಪ ಸೂಜಿಗಳ ತುಕ್ಕು ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಅತ್ತೆ ಕರೀತಿದ್ರು, ಹೋಗ್ತಿದ್ದೆ. ಅವತ್ತು ನೀನೂ ಕರೀತೀಯೇನೋ ಅಂತ ನಲ್ಲಿ ಹತ್ರ ನಿಂತೇ ಇದ್ದೆ."