ಅಕ್ಕ ಸ್ವಿಚ್ ಕೂರಿಸಿದ ಕತ್ತಿ

ನಮ್ಮಕ್ಕ ಮಿಕ್ಸರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ಯಾರೆಷ್ಟೇ ಕೂಗಾಡಿದರೂ ಕೈಯಲ್ಲಿನ ಸ್ಕ್ರೂಡ್ರೈವರ್ ಕೆಳಗಿಡುವವಳಲ್ಲ. ನಾಟಕದಲ್ಲಿ ನನಗೆ ರಾಜನ ಪಾತ್ರ ಸಿಕ್ಕಾಗ, ಪ್ಲಾಸ್ಟಿಕ್ ಪೈಪಿನಿಂದ ಕತ್ತಿ ಮಾಡಿ, ಒಳಗೆ ದೀಪವಿಟ್ಟು, ಹಿಡಿಕೆಗೆ ಒತ್ತುವ ಸ್ವಿಚ್ ಕೂರಿಸಿದಳು. ಕತ್ತಿ ಹೊಳೆಯಬೇಕಾದದ್ದು ಕೊನೆಯ ದೃಶ್ಯದಲ್ಲಿ ಮಾತ್ರ. ಆದರೆ ತಾಲೀಮಿನಲ್ಲಿ ನಾನು ಮಂತ್ರಿಗೆ ಬೈಯುವಾಗಲೆಲ್ಲ ಮುಷ್ಟಿ ಬಿಗಿದು, ಸ್ವಿಚ್ ಒತ್ತಿ, ಅದು ಹೊತ್ತಿಕೊಳ್ಳುತ್ತಿತ್ತು. ಇನ್ನೊಮ್ಮೆ ಹೀಗಾದರೆ ಪಾತ್ರ ಬೇರೆಯವರಿಗೆ ಎಂದುಬಿಟ್ಟರು ನಾಟಕದ ಮೇಷ್ಟ್ರು.

ನೇರ ಅಂಗಡಿಗೆ ಹೋಗಿ ಅಕ್ಕನ ಮೇಲೆ ಹಾರಾಡಿದೆ. ಅವಳು ಹಿಡಿಕೆಗೆ ಬಿಳಿ ಕಾಗದ ಸುತ್ತಿ, ನನ್ನ ಅಂಗೈಗೆ ಹಳೇ ಗ್ರೀಸ್ ಬಳಿದಳು.

"ಹಿಡ್ಕೊಂಡು ಬೈಯೋ ಈಗ, ಮನಸಾರೆ ಬೈಯಿ."

"ನಿನಗೆ ತಲೆ ಇದೆಯೇನೇ? ಎಲ್ರೂ ನಗ್ತಾ ಇದಾರೆ ನನ್ನ ನೋಡಿ!"

"ಸಾಕು ಕಣೋ, ಅಚ್ಚು ಚೆನ್ನಾಗಿ ಬಿತ್ತು."

ನನ್ನ ಮುಷ್ಟಿ ತಾಗಿದ ಕಡೆಯೆಲ್ಲ ಕಾಗದ ಕಪ್ಪಾಗಿತ್ತು. ಮೇಲ್ತುದಿಯಲ್ಲಿ ಮಾತ್ರ ಬೆರಳಗಲ ಬಿಳಿ ಉಳಿದಿತ್ತು. ಅಲ್ಲೇ ತೂತು ಕೊರೆದು, ಸ್ವಿಚ್ಚನ್ನು ಅಲ್ಲಿಗೆ ಸಾಗಿಸಿ, ತಂತಿ ಬೆಸೆದಳು.

"ಬೇಕಾದಾಗ ಹೆಬ್ಬೆರಳು ಚಾಚಿ ಒತ್ತು. ನಿನ್ನ ಕೋಪ ಅಷ್ಟು ದೂರ ಹೋಗಲ್ಲ."

ನಾಟಕದ ದಿನ ಮಂತ್ರಿಗೆ ಗಂಟಲು ಹರಿಯುವಂತೆ ಬೈದೆ. ಕತ್ತಿ ಮಿಟುಕಲಿಲ್ಲ. ಕೊನೆಗೆ ಒತ್ತಿದಾಗ ಝಗ್ಗನೆ ಹೊಳೆಯಿತು, ಜನ ಹೋ ಎಂದರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಮಾತ್ರ ರಾಜನನ್ನು ಬಿಟ್ಟು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು.