ಕೆಮ್ಮು ಸಾಕು, ನಗು ಬೇಕು

ನಮ್ಮ ಚಿಕ್ಕಮ್ಮ ಇಂಜಿನಿಯರ್. ಸೇತುವೆ ಕಟ್ಟುವವಳಲ್ಲ. ಹೆರಿಗೆಯಾಗಿ, ವಯಸ್ಸಾಗಿ ಹೆಂಗಸರ ಕೆಳಹೊಟ್ಟೆಯ ತಳದ ಸ್ನಾಯು ಸಡಿಲವಾಗುತ್ತದಲ್ಲ, ಆಗ ಮೂತ್ರಕೋಶಕ್ಕೆ ಒಳಗಿನಿಂದ ಆಸರೆ ಕೊಡುವ ಮೆತ್ತನೆಯ ಸಿಲಿಕೋನ್ ಉಂಗುರ ಮಾಡುತ್ತಾಳೆ. ಮಾಡಿ ಸುಮ್ಮನಿದ್ದರೆ ಸರಿ; ಊಟಕ್ಕೆ ಕೂತಾಗ ಚೀಲದಿಂದ ತೆಗೆದು ತೋರಿಸುತ್ತಾಳೆ. ಚಿಕ್ಕಪ್ಪ ತಟ್ಟೆ ಎತ್ತಿಕೊಂಡು ಹೊರಗಿನ ಕೋಣೆಗೆ ನಡೆಯುತ್ತಾರೆ.

ಹೊಸ ಉಂಗುರದಲ್ಲಿ ಒತ್ತಡ ಅಳೆಯುವ ಪುಟ್ಟ ಸೆನ್ಸರ್ ಇತ್ತು. ಪರೀಕ್ಷೆಗೆ ಒಪ್ಪಿ ಬಂದ ಹೆಂಗಸರು ಅದನ್ನು ಧರಿಸಿ ಕೆಮ್ಮಿದರು, ಕುಕ್ಕರುಗಾಲಲ್ಲಿ ಕೂತೆದ್ದರು. ಆದರೆ ನಗುವಾಗ ಏನಾಗುತ್ತದೆಂದೂ ತಿಳಿಯಬೇಕಲ್ಲ? ನಗಿಸುವ ಹೊಣೆಯನ್ನು ಚಿಕ್ಕಮ್ಮ ತಾನೇ ಹೊತ್ತಳು. ಅವಳೋ, ಜೋಕು ಅರ್ಧಕ್ಕೆ ನಿಲ್ಲಿಸಿ ವಿವರಣೆ ಕೊಡುವವಳು. ಹೆಂಗಸರು ಮರ್ಯಾದೆಗೆ ಹಲ್ಲು ಕಿರಿದರು. ಯಂತ್ರಕ್ಕೆ ಮರ್ಯಾದೆ ಗೊತ್ತಿಲ್ಲ. ಪರದೆಯ ಗೆರೆ ಅಲ್ಲಾಡಲೇ ಇಲ್ಲ.

ಬೇರೆ ದಾರಿ ಕಾಣದೆ ತನ್ನ ಅಕ್ಕನನ್ನು, ಅಂದರೆ ನಮ್ಮಮ್ಮನನ್ನು, ಕರೆದಳು. ನಗಿಸುವುದರಲ್ಲಿ ಅಮ್ಮನದು ಎತ್ತಿದ ಕೈ. ಮೊದಲೆಲ್ಲ ಅವಳು ನಕ್ಕರೆ ಬೀದಿಗೆ ಕೇಳುತ್ತಿತ್ತು. ಎರಡು ವರ್ಷದಿಂದ ನಗುವೂ ಇಲ್ಲ, ನೆಂಟರ ಮನೆಗೆ ಹೋಗುವುದೂ ಇಲ್ಲ. ವಯಸ್ಸಿನ ಬಿಗುಮಾನ ಎಂದುಕೊಂಡಿದ್ದೆವು. ಚಿಕ್ಕಮ್ಮನಂತೂ, ಅಕ್ಕ ತನ್ನ ಮೇಲೆ ಮುನಿಸಿಕೊಂಡಿದ್ದಾಳೆ ಎಂದು ಒಳಗೊಳಗೇ ಕೊರಗುತ್ತಿದ್ದಳು.

ಪ್ರಯೋಗಾಲಯಕ್ಕೆ ನಾನೂ ಜೊತೆಗೆ ಹೋದೆ. ಚಿಕ್ಕಮ್ಮ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದನ್ನು ಅಮ್ಮ ಅಣಕಿಸಿದ್ದೇ ತಡ, ಹೆಂಗಸರು ಬಿದ್ದು ಬಿದ್ದು ನಕ್ಕರು. ಗೆರೆ ಕುಣಿಯಿತು. ಅಮ್ಮ ಮಾತ್ರ ಕಾಲಿಗೆ ಕಾಲು ಬಿಗಿದು, ತುಟಿ ಕಚ್ಚಿ ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ಕೇಳಿದಳು: "ಅಕ್ಕಾ, ಊರನ್ನೆಲ್ಲ ನಗಿಸ್ತೀಯ, ನೀನ್ಯಾಕೆ ನಗಲ್ಲ? ನನ್ ಮೇಲೆ ಅಷ್ಟು ಸಿಟ್ಟಾ?"

"ಸಿಟ್ಟಲ್ಲ ಕಣೇ, ದಡ್ಡಿ. ನಕ್ರೆ ಬಟ್ಟೆ ಒದ್ದೆ ಆಗತ್ತೆ."

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಹಾಗಾಯಿತು. ಚಿಕ್ಕಮ್ಮನ ಕಣ್ಣು ತುಂಬಿತು. "ನನಗಾದ್ರೂ ಹೇಳ್ಬಾರ್ದಿತ್ತಾ?"

"ನಿನಗಾ? ಹೇಳಿದ್ರೆ ಊಟದ ಮಧ್ಯೆ ಎಲ್ರಿಗೂ ವಿವರಿಸ್ತಿದ್ದೆ!"

ಚಿಕ್ಕಮ್ಮ ಕಣ್ಣೊರೆಸಿಕೊಂಡು ವೈದ್ಯೆಗೆ ಫೋನ್ ಮಾಡಿದಳು. ನನಗೂ ಪಾಪ ಅನ್ನಿಸಿತು, ಇಬ್ಬರ ಬಗ್ಗೆಯೂ.

ವೈದ್ಯೆ ಅಮ್ಮನನ್ನು ಪರೀಕ್ಷಿಸಿ, ಅವಳ ಅಳತೆಗೆ ಹೊಂದುವ ಉಂಗುರ ಹಾಕಿಕೊಟ್ಟರು. ಕೆಲವು ವಾರ ಕಳೆದು ಸೋದರಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಯಾರದೋ ಮಾತಿಗೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಕ್ಕಮ್ಮನ ನಾಲಿಗೆ ತುರಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ.

ತುಂಬಿದ ಮನೆಯಲ್ಲಿ ಅಮ್ಮನೇ ಕೂಗಿ ಹೇಳಿದಳು: "ಒದ್ದೆ ಆಗಿಲ್ಲ ಕಣೇ, ಬರ್ಕೋ!"