ಹೆಣ ಬೀಳದ ಕಾದಂಬರಿ

ನ್ಯಾಮತಿಯ ನಮ್ಮ ಓಣಿಯಲ್ಲಿ ರವಿಕೆ ಹೊಲಿಯುವ ರುದ್ರಾಣಕ್ಕ ಆರು ಪತ್ತೇದಾರಿ ಕಾದಂಬರಿ ಬರೆದವಳೆಂದು ಓಣಿಗೆ ಗೊತ್ತಿರಲಿಲ್ಲ. ನನಗೊಬ್ಬಳಿಗೆ ಗೊತ್ತಿತ್ತು. ಪುಸ್ತಕಗಳ ಮೇಲಿದ್ದುದು ಪ್ರಕಾಶಕರು ಇಟ್ಟ ಗಂಡಸಿನ ಹೆಸರು. ಹೆಂಗಸು ಬರೆದ ಕೊಲೆಯನ್ನು ಯಾರೂ ನಂಬುವುದಿಲ್ಲವಂತೆ. ಅವಳ ಅಂಗಡಿಯ ಕಟ್ಟೆಯ ಮೇಲೆಯೇ ಕೂತು ಗಂಡಸರು, ಕೊಂದದ್ದು ಡ್ರೈವರೋ ಡಾಕ್ಟರೋ ಎಂದು ಜಗಳಾಡುವಾಗ ಅವಳು ತುಟಿ ಬಿಗಿದು ಗುಂಡಿ ಹಚ್ಚುತ್ತಿದ್ದಳು.

೧೯೮೩ರಲ್ಲಿ ಏಳನೆಯದನ್ನು ಬರೆದಳು. ಅದರಲ್ಲಿ ಇನ್ಸ್‌ಪೆಕ್ಟರ್ ಇಲ್ಲ, ಪಿಸ್ತೂಲಿಲ್ಲ. ಗಂಡನ ಮನೆಯಿಂದ ವಾಪಸು ಬಂದು ಅಣ್ಣನ ಮನೆಯಲ್ಲಿ ಇಪ್ಪತ್ತು ವರ್ಷ ರೊಟ್ಟಿ ಬಡಿದ ಹೆಂಗಸೊಬ್ಬಳ ಕಥೆ. “ಇದಕ್ಕಾದ್ರೂ ನನ್ನ ಹೆಸರೇ ಇರ್ಬೇಕು” ಎಂದು ಹಠ ಹಿಡಿದಳು. ಹಳೆಯ ಪ್ರಕಾಶಕರಿಂದ ಕಾರ್ಡು ಬಂತು: ‘ಮೂವತ್ತನೇ ಪುಟದೊಳಗೆ ಒಂದು ಕೊಲೆ ಸೇರಿಸಿ ಕಳಿಸಿ.’

ಸಂಸಾರದ ಕಾದಂಬರಿ ಅಚ್ಚು ಹಾಕುವವರ ಪರಿಚಯ ಇದ್ದದ್ದು ಹಾಲೇಶಪ್ಪನಿಗೆ. ಅವನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಬಾಡಿಗೆ ಪುಸ್ತಕದಂಗಡಿಗಳಿಗೆ ಬಸ್ಸಿನಲ್ಲಿ ಟ್ರಂಕು ಹಾಕಿಕೊಂಡು ತಿರುಗುವವನು. ಒಂದೂರಿನವರು ಓದಿ ಮುಗಿಸಿದ ಪುಸ್ತಕಗಳನ್ನು ಮುಂದಿನ ಊರಿಗೆ ದಾಟಿಸುತ್ತಿದ್ದ. ಬರೆಯುವವರ ಪರವಾಗಿ ಬೆಂಗಳೂರಿನಲ್ಲಿ ಮಾತಾಡಿ ಬರುವುದೂ ಅವನೇ.

“ಏನ್ರೀ ರುದ್ರಾಣಮ್ಮಾರೇ, ಇದ್ರಾಗೆ ಒಂದು ಹೆಣಾನೂ ಬೀಳಲ್ವಾ?”

“ಬಿದ್ದೈತೆ ಹಾಲೇಶಪ್ಪಾರೇ. ಅದು ಎದ್ದು ಇನ್ನೂ ಅಡಿಗೆ ಮಾಡ್ತಾ ಐತೆ.”

ಅವನು ನಕ್ಕು, ಕಟ್ಟನ್ನು ಟ್ರಂಕಿಗೆ ತುರುಕಿದ. ರವಿಕೆಯ ನೀಲಿ ದಾರದಲ್ಲಿ ಹೊಲಿದು, ಖಾಕಿ ಕಾಗದದ ರಟ್ಟು ಹಾಕಿದ ಕೈಬರಹ. ಅದೊಂದೇ ಪ್ರತಿ.

ಆಮೇಲೆ ಪ್ರತಿ ತಿಂಗಳೂ ಒಂದೇ ಉತ್ತರ. “ಬೆಂಗಳೂರಿನೋರು ಓದ್ತಾ ಅದಾರೆ. ಅವಸರ ಮಾಡಬ್ಯಾಡ್ರಿ.” ಐದು ತಿಂಗಳು ಓದಿದರು. ನನ್ನ ಮಗಳಿಗೆ ಅಷ್ಟರಲ್ಲಿ ನಾಲ್ಕು ಹಲ್ಲು ಬಂದವು. ನಾನು ಆಗ ಬರೆಯುತ್ತಿದ್ದ ದಿನಚರಿಯಲ್ಲಿ ಒಂದೊಂದು ಹಲ್ಲಿನ ಪಕ್ಕದಲ್ಲೂ ‘ಅಕ್ಕನಿಗೆ ಇನ್ನೂ ಪತ್ರವಿಲ್ಲ’ ಎಂದಿದೆ.

ಮಗುವನ್ನು ಕಟ್ಟಿಕೊಂಡು ಜಗಳೂರಿನ ತವರಿಗೆ ಹೋದಾಗ, ಅವ್ವ ಹೊಸ್ತಿಲಲ್ಲಿ ಕೂತು ಏನೋ ಓದುತ್ತಿದ್ದಳು. ನನ್ನನ್ನು ನೋಡಿ ಮೊದಲ ಮಾತೇ, “ಕೊನೇ ಹಾಳೆ ಯಾವಳೋ ಹರಕೊಂಡಾಳೆ ಕಣೇ! ಆಕಿ ಅಣ್ಣನ ಮನಿ ಬಿಟ್ಲೋ ಇಲ್ವೋ ಗೊತ್ತಾಗದೆ ಮೂರು ದಿನದಿಂದ ಅನ್ನ ಸೇರ್ತಿಲ್ಲ.”

ಖಾಕಿ ರಟ್ಟು. ನೀಲಿ ದಾರ. ಒಳಗೆ ಅಕ್ಕನ ದುಂಡು ಅಕ್ಷರ. ರಟ್ಟಿನ ಹಿಂದೆ ಚನ್ನಗಿರಿ, ಹೊನ್ನಾಳಿ, ಜಗಳೂರು, ಮೂರೂ ಅಂಗಡಿಗಳ ಮೊಹರು. ಸಾರಿನ ಕಲೆ, ಅರಿಶಿನದ ಬೆರಳಿನ ಗುರುತು. ಬಾಡಿಗೆ ಪುಸ್ತಕದಲ್ಲಿ ಗೀಚುವಂತೆಯೇ ಅಂಚಿನಲ್ಲಿ ಯಾರೋ ಗೀಚಿದ್ದರು: ‘ಥೂ, ಇಂಥ ಅಣ್ಣ!’

ನನಗೆ ಸಿಟ್ಟು ಬಂತು. ಮಗುವನ್ನು ಅವ್ವನ ಮಡಿಲಿಗೆ ಹಾಕಿ, ಪುಸ್ತಕ ಹಿಡಿದು ಬಾಡಿಗೆ ಪುಸ್ತಕದಂಗಡಿಗೆ ನಡೆದೆ. ಅಂಗಡಿಯ ಜುಂಜಪ್ಪ ತಲೆ ಎತ್ತಲಿಲ್ಲ. “ಟ್ರಂಕಿನಾಗೆ ಬಂತಮ್ಮ. ರಟ್ಟು ಇತ್ತು, ನಮ್ಮಂಗಡಿ ನಂಬರ್ ಇರ್ಲಿಲ್ಲ, ಹಾಕ್ದೆ. ಕೈಯಾಗೆ ಬರೆದಿದ್ರೇನು, ಹೆಂಗಸ್ರು ಪಾಳಿ ಹಚ್ಚಿ ಒಯ್ತಾರೆ.” ನಾನು ಪುಸ್ತಕ ವಾಪಸು ಕೊಡಲಿಲ್ಲ. ಅವನು ಕೂಗುತ್ತಲೇ ಇದ್ದ.

ರುದ್ರಾಣಕ್ಕ ಅದನ್ನು ನೋಡಿ ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಹರಿದ ಅಂಚನ್ನು ಕತ್ತರಿಯಿಂದ ನೇರ ಮಾಡಿದಳು, ಅಷ್ಟೆ. ಹಾಲೇಶಪ್ಪ ಬರುವ ದಿನ ಬಸ್‌ಸ್ಟ್ಯಾಂಡಿಗೇ ಹೋದಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೂ ಹೋದೆ.

“ಬೆಂಗಳೂರಿಗೆ ಒಯ್ದಿದ್ರಾ?”

“ಮರ್ತೋಗಿತ್ತು ಅಮ್ಮಾರೇ. ಟ್ರಂಕಿನಾಗೆ ಬಾಡಿಗೆ ಪುಸ್ತಕದ ಜತೆ ಸೇರ್ಕೊಂಬಿಟ್ತು...”

“ಐದು ತಿಂಗ್ಳು ನನಗೆ ಯಾಕ್ರೀ ಸುಳ್ಳು ಹೇಳಿದ್ರಿ? ನೀವಾದ್ರೂ ಓದಿದ್ರಾ?”

“ಸಂಸಾರದ್ ಕಥಿ ನಾನೇನ್ ಓದ್ಲಿ?” ತಕ್ಷಣ ದನಿ ಬದಲಾಯಿತು. “ಈಗ ಮೂರೂರಾಗೆ ಓಡೈತೆ ಅಂದ್ರೆ ಬೆಂಗಳೂರಾಗೂ ಓಡ್ತೈತೆ. ಕೊಡ್ರಿ ಇತ್ಲಾಗೆ, ನಾಳೇನೇ ಒಯ್ತೀನಿ.”

“ಆರು ಕೊಲೆ ಬರ್ದಿದೀನಿ ಹಾಲೇಶಪ್ಪಾರೇ. ಏಳನೇದು ನಿಮ್ದು ಆಗೋದು ಬ್ಯಾಡ. ದಾರಿ ಬಿಡ್ರಿ.”

ನಿಂತವರೆಲ್ಲ ತಿರುಗಿ ನೋಡಿದರು. ಕಟ್ಟೆಯ ಮೇಲೆ ವಾದಿಸುತ್ತಿದ್ದ ಗಂಡಸರಲ್ಲಿ ಇಬ್ಬರು ಅಲ್ಲಿದ್ದರು. ಅವರ ಬಾಯಿ ತೆರೆದೇ ಇತ್ತು.

ಆ ಸಂಜೆ ಹೊಲಿಗೆ ಮಿಷನ್ನಿನ ಮೇಲೇ ಕಾಗದ ಹರಡಿ ಕೊನೆಯ ಹಾಳೆಯನ್ನು ಮತ್ತೆ ಬರೆದಳು. ಎರಡು ಸಲ ಬರೆದಳು. ಒಂದನ್ನು ಪುಸ್ತಕಕ್ಕೆ ಹೊಲಿದು, ಇನ್ನೊಂದನ್ನು ನನ್ನ ಕೈಗಿಟ್ಟಳು. “ನಿಮ್ಮವ್ವಂಗೆ ಟಪಾಲಿಗೆ ಹಾಕು. ಊಟ ಮಾಡ್ಲಿ ಪಾಪ.” ಖಾಕಿ ರಟ್ಟಿನ ಮೇಲೆ ದಪ್ಪಗೆ ತನ್ನ ಹೆಸರು ಬರೆದಳು.

ಬೆಂಗಳೂರಿಗೆ ತಾನೇ ಹೊರಟಳು. ಬೆಳಗಿನ ಶಿವಮೊಗ್ಗದ ಬಸ್ಸಿನಲ್ಲಿ ಹಾಲೇಶಪ್ಪನೂ ಇದ್ದ. ಟವೆಲ್ಲಿನಿಂದ ಪಕ್ಕದ ಸೀಟು ಒರೆಸಿ, “ಬರ್ರಿ ಅಮ್ಮಾರೇ, ಪ್ರಕಾಶಕರ ವಿಳಾಸಾನಾದ್ರೂ ಹೇಳ್ತೀನಿ” ಎಂದ.

“ಅವರ ಪುಸ್ತಕದ ಒಳಗೇ ಅಚ್ಚಾಗಿರ್ತೈತಲ್ರೀ ವಿಳಾಸ. ನನಗೂ ಓದಾಕೆ ಬರ್ತೈತೆ.”

ಕಟ್ಟನ್ನು ಕಂಕುಳಲ್ಲಿ ಒತ್ತಿ ಹಿಡಿದು, ಮೇಲಿನ ಸರಳಿಗೆ ಜೋತು ನಿಂತೇ ಹೋದಳು.